ಅಂಗಳದ ಹುಲ್ಲುಹಾಸಿಗೆ ಯಾವ ಬೆಟ್ಟ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟವೆಂದರೆ ಬೇಲಿಯೊಳಗಿನ ನೆಲವಷ್ಟೇ ಅಲ್ಲ. ಅದರ ಬೆನ್ನಿಗೆ ಒಂದು ಬೆಟ್ಟವಿರುತ್ತದೆ. ಆ ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ಅಡಿಕೆ ಮರದ ಬುಡಕ್ಕೆ ಸೇರುತ್ತದೆ. ಬೆಟ್ಟದ ಮೇಲೆ ಬಿದ್ದ ಮಳೆ ಇಂಗಿ ತೋಟದ ಕೆಳಗಿನ ಕಾಲುವೆಯಲ್ಲಿ ಒಸರುತ್ತದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದಿಂದಲೂ ಉತ್ತರ ಕನ್ನಡದ ಕಂದಾಯದ ಕಡತಗಳಲ್ಲಿದೆ. ಯಾರ ತೋಟಕ್ಕೆ ಯಾವ ಬೆಟ್ಟವೆಂಬುದು ಊರಿನ ಮಕ್ಕಳಿಗೂ ಗೊತ್ತು. ಬೆಟ್ಟ ಬೋಳಾದರೆ ತೋಟ ಬಡವಾಗುತ್ತದೆ ಎಂಬುದೂ ಗೊತ್ತು.

ಪೇಟೆಯ ತೋಟಕ್ಕೂ ಇಂಥದೇ ಒಂದು ಬೆಟ್ಟವಿದೆ. ಅದು ಯಾವ ಪಹಣಿಯಲ್ಲಿಯೂ ನಮೂದಾಗಿಲ್ಲ, ತೋಟದ ಒಡೆಯನ ಕಣ್ಣಿಗೂ ಬೀಳುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಬೆಂಗಳೂರಿನ ಉತ್ತರ ಭಾಗದಲ್ಲಿ, ಹೆಬ್ಬಾಳದಿಂದ ಯಲಹಂಕದವರೆಗೆ ಮತ್ತು ಅಲ್ಲಿಂದ ದೇವನಹಳ್ಳಿಯ ಕಡೆಗೆ, ನಿವೃತ್ತರು ಮನೆ ಕಟ್ಟಿ ಅಂಗಳವನ್ನು ಸಿಂಗರಿಸುತ್ತಿರುವ ಸಾವಿರಾರು ನಿವೇಶನಗಳ ಬೆಟ್ಟ ಎಲ್ಲಿದೆ? ಕೊಡಗಿನಲ್ಲಿದೆ, ಸಕಲೇಶಪುರದಲ್ಲಿದೆ. ಲಿಂಗನಮಕ್ಕಿಯ ಹಿನ್ನೀರಿನ ದಂಡೆಯಲ್ಲಿಯೂ ಇರಬೇಕೆಂಬುದು ಕೆಲವರ ಆಸೆ. ಆದುದರಿಂದಲೇ ಯಲಹಂಕದ ಒಂದು ಅಂಗಳದ ಹುಲ್ಲು ಮಲೆನಾಡಿನ ಹಳ್ಳಿಯ ಚರ್ಚೆಯ ವಿಷಯವಾಗಬೇಕಾಗಿದೆ.

ಈ ಭಾಗಕ್ಕೆ ನಿವೃತ್ತರು ಬಂದು ನೆಲೆಸುವುದು ಹೊಸತೇನಲ್ಲ. ಜಾಲಹಳ್ಳಿಯ ಬಿಇಎಲ್, ಎಚ್‌ಎಂಟಿ ಕಾರ್ಖಾನೆಗಳು, ಯಲಹಂಕದ ವಾಯುಪಡೆ ನೆಲೆ, ರೈಲು ಗಾಲಿ ಕಾರ್ಖಾನೆ, ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ, ಇವೆಲ್ಲವುಗಳಿಂದ ನಿವೃತ್ತರಾದವರು ಸುತ್ತಲಿನ ಬಡಾವಣೆಗಳಲ್ಲಿಯೇ ಉಳಿದುಕೊಂಡರು. ಯಲಹಂಕ ಉಪನಗರವನ್ನು ಗೃಹಮಂಡಳಿ ಕಟ್ಟಿದಾಗ ಅದು ಊರಾಚೆಯ ಶಾಂತ ಜಾಗ. 2007ರಲ್ಲಿ ಅದು ಬೃಹತ್ ಬೆಂಗಳೂರಿನೊಳಗೆ ಸೇರಿತು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಆಮೇಲೆ ರಾಗಿ ಹೊಲ, ದ್ರಾಕ್ಷಿ ತೋಟಗಳೆಲ್ಲ ನಿವೇಶನಗಳಾಗಿ ಹಂಚಿಹೋದವು. ಇವುಗಳನ್ನು ಕೊಂಡವರಲ್ಲಿ ಮಲೆನಾಡಿಗರ ಸಂಖ್ಯೆಯೇನೂ ಕಡಿಮೆಯಿಲ್ಲ. ಸಾಗರದ ಶಾಲಾ ಮಾಸ್ತರರು, ಕೊಪ್ಪದ ಬ್ಯಾಂಕ್ ನೌಕರರು, ತೀರ್ಥಹಳ್ಳಿಯ ತಹಸೀಲ್ದಾರರು ಮಗ ಅಥವಾ ಮಗಳು ಬೆಂಗಳೂರಿನ ಕಂಪ್ಯೂಟರ್ ಕಂಪನಿಯಲ್ಲಿದ್ದಾರೆಂಬ ಕಾರಣಕ್ಕೆ ಭವಿಷ್ಯನಿಧಿಯ ಹಣವನ್ನೂ, ಒಂದಷ್ಟು ಗದ್ದೆ ಮಾರಿದ ಹಣವನ್ನೂ ಸೇರಿಸಿ ಸಹಕಾರನಗರದಲ್ಲೋ ವಿದ್ಯಾರಣ್ಯಪುರದಲ್ಲೋ ಮನೆ ಮಾಡಿದ್ದಾರೆ. ಊರಿನ ಹಳೆಯ ಮನೆಯ ಬೀಗ ಯುಗಾದಿಗೊಮ್ಮೆ, ಮನೆದೇವರ ಕಾರ್ಯಕ್ಕೊಮ್ಮೆ ತೆಗೆಯುತ್ತದೆ.

ಮನೆಯ ಗೇಟಿಗೆ ಹಿತ್ತಾಳೆಯ ಹೆಸರುಫಲಕ. ಅದರಲ್ಲಿ ‘ಶರಾವತಿ’, ‘ತುಂಗಾ’, ‘ಮಲೆನಾಡು’ ಎಂಬ ಹೆಸರು. ಗೇಟಿನೊಳಗೆ ಮೂವತ್ತು ನಲವತ್ತರ ನಿವೇಶನವಾದರೆ ನಾಲ್ಕು ಕುಂಡ, ಅದಕ್ಕಿಂತ ದೊಡ್ಡದಾದರೆ ಹುಲ್ಲುಹಾಸು. ತೋಟ ಮಾಡುವ ಗುತ್ತಿಗೆದಾರ ಬಂದು ಒಂದು ವಾರದಲ್ಲಿ ಕೆಲಸ ಮುಗಿಸುತ್ತಾನೆ. ಮೊದಲು ಕೆಮ್ಮಣ್ಣಿನ ಲೋಡು ಬರುತ್ತದೆ. ಅದು ಯಾರ ಹೊಲದ ಮೇಲ್ಮಣ್ಣು, ಯಾವ ಗುಡ್ಡದ ಪಕ್ಕೆಲುಬು ಎಂದು ಕೇಳುವವರಿಲ್ಲ. ನಂತರ ಚಾಪೆಯಂತೆ ಸುತ್ತಿ ತಂದ ಹುಲ್ಲು. ಅಂಚಿಗೆ ನುಣುಪಾದ ಹೊಳೆಗಲ್ಲು, ಮೂಲೆಗೆ ಯಾವುದೋ ದೇಶದ ತಾಳೆ. ಉಳಿದ ನೆಲಕ್ಕೆಲ್ಲ ಸಿಮೆಂಟು ಇಟ್ಟಿಗೆ. ಮಲೆನಾಡಿನಲ್ಲಿ ಅರವತ್ತು ವರ್ಷ ಬದುಕಿದ ಮನುಷ್ಯ ಮನೆಯ ಮುಂದೆ ಹುಲ್ಲು ಬೆಳೆದರೆ ಕತ್ತಿ ಹಿಡಿದು ಸವರುತ್ತಿದ್ದ. ಯಲಹಂಕಕ್ಕೆ ಬಂದ ಮೇಲೆ ಅದೇ ಹುಲ್ಲಿಗೆ ಬೆಳಿಗ್ಗೆ ಸಂಜೆ ನೀರು ಹಿಡಿದು ನಿಲ್ಲುತ್ತಾನೆ!

ನಗುವ ಮಾತು ಹಾಗಿರಲಿ, ಲೆಕ್ಕ ಮಾಡೋಣವೆಂದರೆ ಅದೇನೂ ಕಷ್ಟವಲ್ಲ. ಬೆಂಗಳೂರಿನ ಬೇಸಿಗೆಯಲ್ಲಿ ಹಸುರಾಗಿ ಉಳಿಯಬೇಕಾದ ಹುಲ್ಲುಹಾಸಿಗೆ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು ಐದು ಲೀಟರ್ ನೀರು ಬೇಕು. ಐನೂರು ಚದರ ಅಡಿಯ ಹುಲ್ಲುಹಾಸು ಎಂದರೆ 46 ಚದರ ಮೀಟರ್. ದಿನಕ್ಕೆ 230 ಲೀಟರ್. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರ್ಕಾರದ ಮಾನದಂಡ. ಹಳ್ಳಿಯ ಮನುಷ್ಯನಿಗೆ ಜಲಜೀವನ್ ಯೋಜನೆ ನಿಗದಿ ಮಾಡಿರುವುದು 55 ಲೀಟರ್. ಹಳ್ಳಿಯವನ ಬಾಯಾರಿಕೆ ಪೇಟೆಯವನದಕ್ಕಿಂತ ಹೇಗೆ ಕಡಿಮೆಯಾಯಿತೆಂಬ ಪ್ರಶ್ನೆಗೆ ಉತ್ತರ ಕೊಡುವವರು ಯಾರೂ ಇಲ್ಲ. ಅದನ್ನು ಇನ್ನೊಂದು ಸಂಚಿಕೆಗೆ ಬಿಡಬಹುದು. ಯಾರೂ ತಿನ್ನದ, ದನವೂ ಮೇಯದ, ಹೂವನ್ನೂ ಬಿಡದ ಒಂದು ತುಂಡು ಹುಲ್ಲು ಹಳ್ಳಿಯ ನಾಲ್ಕು ಮಂದಿಯ ಪಾಲಿನ ನೀರನ್ನು ಕುಡಿಯುತ್ತಿದೆ ಎಂಬುದಷ್ಟು ಇಲ್ಲಿ ಸಾಕು. ಫೆಬ್ರವರಿಯಿಂದ ಮೇ ನಡುವಿನವರೆಗೆ ನೂರು ದಿನವೆಂದರೆ 23,000 ಲೀಟರ್.

ಈ ನೀರು ಬರುವುದೆಲ್ಲಿಂದ? ಕಾವೇರಿ ನೀರು ಬೆಂಗಳೂರಿಗೆ ಮೊದಲು ಬಂದದ್ದು 1974ರಲ್ಲಿ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ, ಮೂರು ಹಂತಗಳಲ್ಲಿ ಪಂಪು ಮಾಡಿ ಏರಿಸಿದ ನೀರದು. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು, ಯಂತ್ರದ ನಷ್ಟವನ್ನೂ ಕೊಳವೆಯ ಘರ್ಷಣೆಯನ್ನೂ ಬಿಟ್ಟರೂ, ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ಆ ವಿದ್ಯುತ್ತಿನ ಜಾಲಕ್ಕೆ 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವೂ ಸೇರಿದೆ. ಎಂದರೆ ಕಾವೇರಿಯ ನೀರನ್ನು ಬೆಂಗಳೂರಿಗೆ ತಳ್ಳುವ ಬಲದಲ್ಲಿ ಶರಾವತಿಯ ಪಾಲು ಈಗಾಗಲೇ ಇದೆ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದಕ್ಕಾಗಿ ಊರು ಬಿಟ್ಟವರ, ನಡುಗಡ್ಡೆಯಂತಾದ ತುಮರಿ ಭಾಗದಲ್ಲಿ ಉಳಿದವರ ಮಕ್ಕಳು ಮೊಮ್ಮಕ್ಕಳು ಆರು ದಶಕ ಲಾಂಚಿನಲ್ಲಿ ಹೊಳೆ ದಾಟಿದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ನಾಡಿಗೆ ಬೆಳಕು ಕೊಟ್ಟವರಿಗೆ ಒಂದು ಸೇತುವೆ ಕೊಡಲು ನಾಡಿಗೆ ಅರವತ್ತು ವರ್ಷ ಹಿಡಿಯಿತು.

2024 ಎಂಬ ಒಂದೇ ವರ್ಷ ಈ ವ್ಯವಸ್ಥೆಯ ಹುಚ್ಚನ್ನು ಮೂರು ಸಲ ತೋರಿಸಿಕೊಟ್ಟಿತು. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಬೆಲೆ ಏರಿ, ಜಲಮಂಡಳಿ ಒಂದು ಆದೇಶ ಹೊರಡಿಸಿತು: ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ, ಕಟ್ಟಡದ ಕೆಲಸಕ್ಕೆ, ಕಾರಂಜಿಗೆ ಬಳಸಿದರೆ 5,000 ರೂಪಾಯಿ ದಂಡ. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೆಯ ಹಂತದ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್ ನೀರು, ಪಾಲಿಕೆಗೆ ಸೇರಿದ ಹೊರವಲಯದ 110 ಹಳ್ಳಿಗಳಿಗೆ. ಒಂದು ವಾರ ಕಳೆಯುವುದರೊಳಗೆ ಯಲಹಂಕದಲ್ಲಿ ಮಳೆ ಸುರಿದು ಕೆರೆ ಉಕ್ಕಿ, ಕೇಂದ್ರೀಯ ವಿಹಾರವೆಂಬ ವಸತಿ ಸಮುಚ್ಚಯದಿಂದ ಜನರನ್ನು ದೋಣಿಯಲ್ಲಿ ಹೊರತರಬೇಕಾಯಿತು. ಕೇಂದ್ರ ಸರ್ಕಾರಿ ನೌಕರರಿಗಾಗಿ ಕಟ್ಟಿದ ಮನೆಗಳವು. 2021ರ ನವೆಂಬರಿನಲ್ಲಿಯೂ ಅಲ್ಲಿ ಇದೇ ಆಗಿತ್ತು. ಬೇಸಿಗೆಯಲ್ಲಿ ಗಿಡಕ್ಕೆ ನೀರೆರೆದರೆ ದಂಡ, ಹಿಂಗಾರಿನಲ್ಲಿ ಮೊಣಕಾಲು ಮೀರಿದ ನೀರಿನಲ್ಲಿ ದೋಣಿ, ಇವೆರಡರ ನಡುವೆ ನೂರು ಕಿಲೋಮೀಟರ್ ಆಚೆಯ ನದಿಗೆ ಇನ್ನೊಂದು ಕೊಳವೆ! ತನ್ನ ತಲೆಯ ಮೇಲೆ ಬಿದ್ದ ನೀರನ್ನು ಶತ್ರುವೆಂದು ಚರಂಡಿಗೆ ಅಟ್ಟಿ, ಪರರ ಬೆಟ್ಟದ ನೀರನ್ನು ಹಕ್ಕೆಂದು ಕೇಳುವುದಕ್ಕೆ ಅಭಿವೃದ್ಧಿ ಎಂಬ ಹೆಸರಿದೆ.

ಈ ಸೀಮೆಗೆ ತನ್ನದೇ ಆದ ಬೆಟ್ಟ ಇರಲಿಲ್ಲವೆಂದಲ್ಲ. ನಂದಿಬೆಟ್ಟದ ಕಡೆಯಿಂದ ಅರ್ಕಾವತಿ ಇಳಿದು ಬರುತ್ತಿತ್ತು. ಅದಕ್ಕೆ ಕಟ್ಟಿದ ಹೆಸರಘಟ್ಟದ ಕೆರೆಯಿಂದ 1896ರಲ್ಲಿ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಬಂದಿತು. ಅದೇ ಹೊಳೆಯ ಕೆಳಗೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಇತ್ತ ಯಲಹಂಕ, ಜಕ್ಕೂರು, ರಾಚೇನಹಳ್ಳಿಯ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸರಪಳಿಯಾಗಿ ಇದ್ದವು. ಹೊಳೆಯ ಪಾತ್ರದಲ್ಲಿ ಲೇಔಟು, ರಾಜಕಾಲುವೆಯ ಮೇಲೆ ಕಾಂಪೌಂಡು, ಕೆರೆಗೆ ಕೊಳಚೆ, ಇವಿಷ್ಟು ಆದ ಮೇಲೆ ಆ ಬೆಟ್ಟ ಸತ್ತಿತು. ತನ್ನ ಬೆಟ್ಟವನ್ನು ಕೊಂದುಕೊಂಡವನಿಗೆ ನೆರೆಯವನ ಬೆಟ್ಟದ ಮೇಲೆ ಕಣ್ಣು ಬೀಳುವುದು ಸಹಜವೇ.

ಹಾಗೆ ಕಣ್ಣು ಬಿದ್ದ ಕತೆಗಳು ಓದುಗರಿಗೆ ತಿಳಿದವೇ. ಬೆಂಗಳೂರಿನ ಮುಂದಿನ ನೀರಿಗೆ ಲಿಂಗನಮಕ್ಕಿಯನ್ನು ತೋರಿಸಿದ್ದು 2014ರ ತ್ಯಾಗರಾಜ ಸಮಿತಿಯ ವರದಿ. 2019ರಲ್ಲಿ ಸರ್ಕಾರ ಆ ಮಾತನ್ನು ಎತ್ತಿಕೊಂಡಾಗ, ಹಿರಿಯ ಸಾಹಿತಿ ನಾ. ಡಿಸೋಜ ಅವರಂಥವರು ಇಳಿವಯಸ್ಸಿನಲ್ಲಿಯೂ ಬೀದಿಗಿಳಿದರು. ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಸಕಲೇಶಪುರದ ಎತ್ತಿನಹೊಳೆಯ ಕತೆ ಇನ್ನೂ ಮುಂದೆ ಹೋಗಿದೆ. ಅಲ್ಲಿನ ತೊರೆಗಳಿಂದ 24.01 ಟಿಎಂಸಿ ನೀರು ಸಿಗುತ್ತದೆಂದು ಸರ್ಕಾರದ ಲೆಕ್ಕ, ಸಿಗುವುದೇ 9.55 ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರ ಲೆಕ್ಕ. ಆದರೂ 2024ರ ಸೆಪ್ಟೆಂಬರ್ 6ರಂದು, ಗೌರಿಹಬ್ಬದ ದಿನ, ಅದರ ಮೊದಲ ಹಂತದ ಪಂಪುಗಳು ತಿರುಗಿದವು. ಕೋಲಾರ, ಚಿಕ್ಕಬಳ್ಳಾಪುರದ ರೈತನ ಬಾಯಾರಿಕೆ ಸುಳ್ಳಲ್ಲ. ಅವನ ಹೆಸರಿನಲ್ಲಿ ಹೊರಟ ನೀರು ದಾರಿಯಲ್ಲಿ ಯಾವ ಯಾವ ವಿಲ್ಲಾಗಳ ಹುಲ್ಲುಹಾಸಿಗೆ ತಿರುಗುತ್ತದೆ ಎಂದು ಕಾಯುವವರು ಯಾರು? ದೇವನಹಳ್ಳಿಯ ರಸ್ತೆಯ ಇಕ್ಕೆಲಗಳಲ್ಲಿ ನಿಂತಿರುವ ಜಾಹೀರಾತು ಫಲಕಗಳನ್ನು ಓದಿದವರಿಗೆ ಈ ಅನುಮಾನ ಬಾರದೆ ಇರದು. ಹಿರಿಯ ನಾಗರಿಕರಿಗಾಗಿಯೇ ಕಟ್ಟಿದ ಮನೆಗಳು, ಕಣ್ಣು ಹಾಯುವಷ್ಟು ಹಸುರು, ಕೃತಕ ಸರೋವರ, ಕಾರಂಜಿ. ಹಸುರುಗಾವಲು ಎಂಬ ಅರ್ಥದ ಇಂಗ್ಲಿಷ್ ಹೆಸರು. ಅಲ್ಲಿದ್ದ ನಿಜವಾದ ಗೋಮಾಳಕ್ಕೆ ಏನಾಯಿತೆಂದು ಮಾತ್ರ ಫಲಕದಲ್ಲಿ ಬರೆದಿಲ್ಲ.

ಇಷ್ಟು ಹೇಳಿದ ಕೂಡಲೇ ಬರುವ ಆಕ್ಷೇಪ ಒಂದುಂಟು. ಜೀವಮಾನವೆಲ್ಲ ದುಡಿದು ದಣಿದ ಮುದುಕರು ಅಂಗಳದಲ್ಲಿ ಒಂದಿಷ್ಟು ಹಸುರು ಕಾಣಬಯಸಿದರೆ ಅದಕ್ಕೂ ಕಲ್ಲು ಹಾಕುವುದೇ? ಜಲಮಂಡಳಿಯ ಕೊಳವೆಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತಿದೆ. ದೊಡ್ಡ ದೊಡ್ಡ ಹೋಟೆಲುಗಳು, ಗಾಲ್ಫ್ ಮೈದಾನಗಳು ಕುಡಿಯುವ ನೀರಿನ ಮುಂದೆ ಈ ಐನೂರು ಚದರ ಅಡಿ ಯಾವ ಲೆಕ್ಕ? ಆಕ್ಷೇಪದಲ್ಲಿ ಹುರುಳಿದೆ. ಸೋರುವ ಕೊಳವೆಯನ್ನು ಸರಿಪಡಿಸದೆ ಹೊಸ ನದಿಯನ್ನು ಕೇಳುವ ಮಂಡಳಿಯ ಅಪರಾಧ ಅಂಗಳದ ಮುದುಕನದಕ್ಕಿಂತ ಸಾವಿರ ಪಾಲು ದೊಡ್ಡದು. ನಿವೃತ್ತರಿಗೆ ತೋಟ ಬೇಡವೆಂದು ಯಾರೂ ಹೇಳುತ್ತಿಲ್ಲ; ಮಣ್ಣಿನಲ್ಲಿ ಕೈಯಾಡಿಸುವುದಕ್ಕಿಂತ ಒಳ್ಳೆಯ ಔಷಧ ಆ ವಯಸ್ಸಿಗೆ ಇನ್ನಾವುದೂ ಇರಲಾರದು. ಆದರೆ ಆ ಅಂಗಳದ ಒಡೆಯ ಯಾರು? ಶರಾವತಿಗಾಗಿ ಊರಿನವರು ಬೀದಿಗಿಳಿದಾಗ ಫೋನು ಮಾಡಿ ಶಹಬ್ಬಾಸ್ ಎಂದವನು, ಬಂದ್ ದಿನ ಹೆಮ್ಮೆಪಟ್ಟವನು. ಅವನ ಕೈಯಲ್ಲಿರುವ ನೀರಿನ ಪೈಪೇ ನಾಳೆ ವಿಧಾನಸೌಧದಲ್ಲಿ ಮಲೆನಾಡಿನ ವಿರುದ್ಧ ಸಾಕ್ಷಿಯಾಗುತ್ತದೆ. ಬೆಂಗಳೂರಿಗೆ ಇಷ್ಟು ನೀರು ಬೇಕು ಎಂದು ಅಂದಾಜು ಮಾಡುವ ಎಂಜಿನಿಯರು ಕುಡಿಯುವ ನೀರನ್ನೂ ಹುಲ್ಲುಹಾಸಿನ ನೀರನ್ನೂ ಬೇರೆ ಬೇರೆ ಬರೆಯುವುದಿಲ್ಲ. ಎರಡನ್ನೂ ಕೂಡಿಸಿ ‘ಬೇಡಿಕೆ’ ಎಂದು ಬರೆಯುತ್ತಾನೆ. ಆ ಬೇಡಿಕೆಯ ಕಾಗದವನ್ನು ಹಿಡಿದು ಸರ್ಕಾರ ಘಟ್ಟ ಹತ್ತುತ್ತದೆ.

ನೀರಿನ ಮಾತು ಒಂದಾದರೆ ಮಣ್ಣಿನದು ಇನ್ನೊಂದು. ಹೊಸ ಮನೆಯ ಸುತ್ತಲಿನ ನೆಲವೆಂದರೆ ಗಾರೆಯ ಚೂರು, ಇಟ್ಟಿಗೆ ತುಂಡು, ಸಿಮೆಂಟು ಕಲಸಿದ ಜಾಗದ ಗಟ್ಟಿ ಪದರ. ಅದರ ಮೇಲೆ ಎರಡು ಲೋಡು ಕೆಮ್ಮಣ್ಣು ಸುರಿದರೆ ಅಡಿಯ ಸುಣ್ಣದ ಗುಣ ಹೋಗುವುದಿಲ್ಲ, ಮೊದಲ ವರ್ಷ ಮುಗಿಯುವುದರೊಳಗೆ ಎಲೆ ಹಳದಿಯಾಗುತ್ತದೆ. ಆಗ ಇನ್ನೊಂದು ಲೋಡು. ಇದೇ ಹೊತ್ತಿಗೆ, ಜನವರಿಯಿಂದ ಮಾರ್ಚ್‌ವರೆಗೆ, ಯಲಹಂಕ ಉಪನಗರದ ಬೀದಿಗಳ ಹೊಂಗೆ ಮತ್ತು ಮಳೆಮರಗಳು ರಾಶಿ ರಾಶಿ ಎಲೆ ಉದುರಿಸುತ್ತವೆ. ಗುಡಿಸಿದವರು ಮೂಲೆಗೆ ಒಟ್ಟಿ ಬೆಂಕಿ ಹಚ್ಚುತ್ತಾರೆ. ಒಂದು ಹಿಡಿ ದರಕಿಗಾಗಿ ಬೆಟ್ಟ ಹತ್ತಿ ಇಳಿದ ಮಲೆನಾಡಿನ ಮನುಷ್ಯ ಆ ಹೊಗೆಯನ್ನು ಕಿಟಕಿಯಿಂದ ನೋಡುತ್ತಾನೆ, ಕಿಟಕಿ ಮುಚ್ಚುತ್ತಾನೆ, ಗೊಬ್ಬರದ ಚೀಲಕ್ಕೆ ಆರ್ಡರು ಕೊಡುತ್ತಾನೆ. ಪುಕ್ಕಟೆ ಸೊಪ್ಪಿನಬೆಟ್ಟವೊಂದು ಅವನ ಮನೆಯ ಬಾಗಿಲಲ್ಲಿಯೇ ಉರಿದುಹೋಗುತ್ತಿದೆ! ಗಾರೆಯ ಚೂರನ್ನು ಆರಿಸಿ ತೆಗೆದು, ಅಂಗೈ ಉದ್ದ ಎಲೆ ಹೊದಿಸಿ, ಅಡುಗೆಮನೆಯ ಸಿಪ್ಪೆ ಸೊಪ್ಪನ್ನು ಅದರಡಿ ಸೇರಿಸುತ್ತ ಬಂದರೆ ಎರಡು ಮಳೆಗಾಲದಲ್ಲಿ ಅಲ್ಲಿ ಎರೆಹುಳ ಕಾಣಿಸಿಕೊಳ್ಳುತ್ತದೆ. ನಿವೃತ್ತನಿಗೆ ಎರಡು ಮಳೆಗಾಲ ಕಾಯುವಷ್ಟು ಬಿಡುವು ಇಲ್ಲವೆಂದರೆ ಇನ್ನಾರಿಗಿದೆ?

ಊರಿಗೆ ಬಂದುಹೋಗುವಾಗ ಕಾರಿನ ಡಿಕ್ಕಿಯಲ್ಲಿ ಹೋಗುವ ವಸ್ತುಗಳ ಬಗೆಗೂ ಎರಡು ಮಾತು ಅಗತ್ಯ. ಕಾನಿನ ಕಪ್ಪು ಮಣ್ಣು, ಹೊಳೆಯ ಉರುಟು ಕಲ್ಲು, ಮರದಿಂದ ಕಿತ್ತ ಸೀತಾಳೆ ದಂಡೆ. ಮಳೆಗಾಲದ ತೇವಕ್ಕೆ ಒಗ್ಗಿದ ಸೀತಾಳೆ ಯಲಹಂಕದ ಒಣಗಾಳಿಯಲ್ಲಿ ಸೊರಗುವುದೇ ಹೆಚ್ಚು. ಸೊರಗಿದ ಮೇಲೆ ಮುಂದಿನ ವರ್ಷ ಇನ್ನೊಂದು. ಇದನ್ನು ಕಿತ್ತು ಕೊಡುವವರು ಊರಿನವರೇ ಎಂಬುದನ್ನು ಮರೆಮಾಚಬೇಕಾಗಿಲ್ಲ. ಇನ್ನು ನರ್ಸರಿಯಿಂದ ಮನೆಗೆ, ಮನೆಯಿಂದ ಊರಿಗೆ ಬರುವ ಗಿಡಗಳದು ಬೇರೆಯೇ ಅಪಾಯ. ಮಲೆಯನ್ನೆಲ್ಲ ಆವರಿಸಿರುವ ಲಂಟಾನ ಹತ್ತೊಂಬತ್ತನೆಯ ಶತಮಾನದಲ್ಲಿ ಚಂದದ ಹೂವೆಂದು ಬಂದ ಗಿಡ. ಕೆರೆಗಳನ್ನು ಮುಚ್ಚುವ ನೀಲಿ ಹೂವಿನ ಅಂತರಗಂಗೆಯೂ ಹಾಗೆಯೇ ಬಂದದ್ದು. ಅಲಂಕಾರಕ್ಕೆಂದು ತಂದ ಹಳದಿ ಹೂವಿನ ಸೆನ್ನಾ ಮರ ಇಂದು ಬಂಡೀಪುರ, ನಾಗರಹೊಳೆಯೊಳಗೆ ಹಬ್ಬಿ ಅರಣ್ಯ ಇಲಾಖೆಯ ನಿದ್ದೆ ಕೆಡಿಸಿದೆ. ಹುಲ್ಲಿನ ಬದಲಿಗೆಂದು ನರ್ಸರಿಯವರು ಮಾರುವ, ನೆಲದ ಮೇಲೆ ಹರಡಿ ಹಳದಿ ಹೂ ಬಿಡುವ ಸಿಂಗಪುರ ಡೈಸಿಯನ್ನು ಅಕ್ಕರೆಯಿಂದ ಒಂದು ಕಡ್ಡಿ ಊರಿಗೆ ತಂದು ಬಾವಿಕಟ್ಟೆಯ ಪಕ್ಕ ಊರಿದವರು, ಮೂರು ವರ್ಷ ಬಿಟ್ಟು ತೋಟದ ಕಾಲುವೆಯನ್ನು ಹೋಗಿ ನೋಡಬೇಕು.

ಹಾಗಾದರೆ ಅಂಗಳ ಹೇಗಿರಬೇಕು? ಇದಕ್ಕೆ ಹೊರದೇಶದ ಪುಸ್ತಕ ಬೇಡ, ಊರಿನ ಹಿತ್ತಲನ್ನು ನೆನೆದರೆ ಸಾಕು. ಬಚ್ಚಲಿನ ನೀರು ಬಾಳೆಯ ಬುಡಕ್ಕೆ, ಅಲ್ಲಿಂದ ಮುಂದೆ ಕೆಸುವಿಗೆ. ಪಾತ್ರೆ ತೊಳೆದ ನೀರು ಬಸಳೆ ಚಪ್ಪರಕ್ಕೆ. ಹಿತ್ತಲಿಗೆಂದು ಬಾವಿಯಿಂದ ನೀರು ಸೇದಿದ ಅಜ್ಜಿಯರು ಮಲೆನಾಡಿನಲ್ಲಿ ಯಾರಿದ್ದರು? ಇಬ್ಬರೇ ಇರುವ ಮನೆಯಲ್ಲಿಯೂ ಸ್ನಾನದ್ದು, ಬಟ್ಟೆ ಒಗೆದದ್ದು ಸೇರಿ ದಿನಕ್ಕೆ ನೂರು ಲೀಟರಿಗೆ ಕಡಿಮೆಯಿಲ್ಲದೆ ನೀರು ಚರಂಡಿಗೆ ಹೋಗುತ್ತದೆ. ಖಾರದ ಸೋಪುಪುಡಿಯನ್ನು ಮಿತಗೊಳಿಸಿ, ಆ ನೀರನ್ನು ಜಲ್ಲಿ ಮರಳಿನ ಒಂದು ಪುಟ್ಟ ಗುಂಡಿಯಲ್ಲಿ ಸೋಸಿ ಬಿಟ್ಟರೆ ನುಗ್ಗೆ, ಕರಿಬೇವು, ಪಪ್ಪಾಯಿ, ಬಾಳೆ, ದಾಸವಾಳ, ನಂದಿಬಟ್ಟಲು ಎಲ್ಲವೂ ಬದುಕುತ್ತವೆ. ಪಾರಿಜಾತ, ಕಣಗಿಲೆ, ನೆಲ್ಲಿ, ಸೀತಾಫಲಗಳಿಗೆ ಬೇರೂರಿದ ಮೇಲೆ ಅಷ್ಟೂ ಬೇಕಿಲ್ಲ. ಜಾಗವಿದ್ದವರು ಒಂದು ಚಕ್ಕೋತ ನೆಡಲಿ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಮರಗಳು ಮಾತ್ರ ನಿವೇಶನಗಳಿಗೆ ಎಡೆಮಾಡಿಕೊಟ್ಟು ಕಣ್ಮರೆಯಾಗುತ್ತಿವೆ. ಆ ನೆಲಕ್ಕೆ ಹೊರಗಿನಿಂದ ಬಂದವನು ಆ ನೆಲದ ಹಣ್ಣನ್ನು ಉಳಿಸಿದರೆ ಬಂದ ಋಣ ಒಂದಿಷ್ಟಾದರೂ ತೀರುತ್ತದೆ.

ಮಳೆಯ ಲೆಕ್ಕ ಇನ್ನೂ ಸರಳ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಆಗುಂಬೆಯವರಿಗೆ ಇದು ಜುಲೈಯ ಒಂದು ವಾರದ ಮಾತೆನಿಸಬಹುದು. ಆದರೂ ಸಾವಿರ ಚದರ ಅಡಿ ತಾರಸಿಯ ಮೇಲೆ ಬೀಳುವ ನೀರು 90,000 ಲೀಟರ್. ಐದರಲ್ಲೊಂದು ಪಾಲು ಚೆಲ್ಲಿಹೋಯಿತೆಂದರೂ 72,000 ಲೀಟರ್ ಕೈಗೆ ಸಿಗುತ್ತದೆ. ಸಂಪಿನಲ್ಲಿ ಹಿಡಿದಷ್ಟು ಹಿಡಿದು ಉಳಿದದ್ದನ್ನು ಮೂರಡಿ ಅಗಲದ ಇಂಗುಬಾವಿಗೆ ಬಿಡಬೇಕು. ಇದು ಆದರ್ಶದ ಮಾತಲ್ಲ, ಕಾನೂನಿನ ಮಾತು. 2009ರ ತಿದ್ದುಪಡಿಯ ಪ್ರಕಾರ ಅರವತ್ತು ನಲವತ್ತರ ಹಳೆಯ ಮನೆಗಳಿಗೂ, ಮೂವತ್ತು ನಲವತ್ತರ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಕೊಳವೆ ಜೋಡಿಸುವ ಬದಲು ತಿಂಗಳು ತಿಂಗಳು ನೀರಿನ ಬಿಲ್ಲಿನೊಂದಿಗೆ ದಂಡ ಕಟ್ಟುತ್ತಿರುವ ಮನೆಗಳು ಸಾವಿರಾರು. ನದಿಯ ನೀರು ಎಷ್ಟು ಅಗ್ಗವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ಆಗದ ಮಾತೆಂದು ಹೇಳುವವರಿಗೆ ಅದೇ ಉತ್ತರ ಬೆಂಗಳೂರಿನಲ್ಲಿಯೇ ಉತ್ತರವಿದೆ. ವಿದ್ಯಾರಣ್ಯಪುರದಲ್ಲಿ ಜಲತಜ್ಞ ಎಸ್. ವಿಶ್ವನಾಥ್ ಮತ್ತು ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ತಮ್ಮ ಮನೆಯನ್ನು ಅದರ ನೆಲಮಾಳಿಗೆಗೆ ಅಗೆದ ಮಣ್ಣಿನ ಇಟ್ಟಿಗೆಯಿಂದಲೇ ಕಟ್ಟಿಕೊಂಡರು. ತಾರಸಿಯ ಮಳೆನೀರನ್ನು ಹಿಡಿದರು, ಸ್ನಾನದ ನೀರಿನಲ್ಲಿ ತಾರಸಿಯ ಮೇಲೆ ಭತ್ತ ಬೆಳೆದು ತೋರಿಸಿದರು. ನಗರದ ಇನ್ನೊಂದು ಮಗ್ಗುಲಲ್ಲಿ, ವಿಜಯನಗರದಲ್ಲಿ, ವಿಜ್ಞಾನಿ ಎ. ಆರ್. ಶಿವಕುಮಾರ್ ಅವರ ಸಂಸಾರ ಮಳೆನೀರನ್ನೇ ನಂಬಿ ದಶಕಗಳಿಂದ ನಡೆದಿದೆ. ಬಾವಿ ತೋಡುವ ಕೈಗಳೂ ಇವೆ: ತಲೆತಲಾಂತರದಿಂದ ಆ ಕಸುಬನ್ನೇ ಮಾಡಿಕೊಂಡು ಬಂದ ಮಣ್ಣು ವಡ್ಡರು ಬೆಂಗಳೂರಿನ ಸುತ್ತ ಇಂದಿಗೂ ಇದ್ದಾರೆ. ಕೊಳವೆಬಾವಿಯ ಯಂತ್ರ ಬಂದು ಅವರ ಕೆಲಸ ಕಸಿದಿತ್ತು, ಇಂಗುಬಾವಿ ಅದನ್ನು ಮರಳಿ ಕೊಡುತ್ತಿದೆ. ಜಕ್ಕೂರಿನ ಕೆರೆಗೆ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದ ಘಟಕದಲ್ಲಿ ಸಂಸ್ಕರಿಸಿದ ಕೊಳಚೆ ನೀರು ಜೊಂಡಿನ ಜೌಗುನೆಲದ ಮೂಲಕ ಹಾಯ್ದು ಸೇರುತ್ತದೆ. ಸುತ್ತಲಿನ ಬಾವಿಗಳಲ್ಲಿ ನೀರು ನಿಂತಿರುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಹುಲ್ಲುಹಾಸೇ ಬೇಕೆಂದು ಹಟ ಹಿಡಿದ ವಸತಿ ಸಮುಚ್ಚಯಗಳಿಗೆ ಇಂಥ ಸಂಸ್ಕರಿಸಿದ ನೀರನ್ನು ಕೊಟ್ಟು, ನದಿಯ ನೀರಿನ ಕೊಳವೆಯನ್ನು ತೋಟದಿಂದ ಕಿತ್ತುಹಾಕಲಿ. 2024ರ ಮಾರ್ಚ್‌ನ ಆದೇಶ ಬರದ ವರ್ಷದ ಗಾಬರಿಯಾಗಿ ಮುಗಿಯದೆ ಹನ್ನೆರಡು ತಿಂಗಳ ಕಾಯಂ ಕಾನೂನಾಗಲಿ ಎಂಬುದು ಮಲೆನಾಡಿನ ಪ್ರತಿ ಗ್ರಾಮಸಭೆಯೂ ಠರಾವು ಮಾಡಿ ಕಳುಹಿಸಬೇಕಾದ ಬೇಡಿಕೆ. ಬೆಂಗಳೂರಿನ ತೋಟಗಳು ಬೆಂಗಳೂರಿನ ಮಳೆ ಮತ್ತು ಬೆಂಗಳೂರಿನ ಬಚ್ಚಲ ನೀರಿನಿಂದ ಬದುಕುತ್ತವೆ ಎಂಬ ಮುಚ್ಚಳಿಕೆ ಬರೆದುಕೊಡುವವರೆಗೆ ಶರಾವತಿಯ ಹೆಸರನ್ನು ಯಾವ ಮಂತ್ರಿಯೂ ಎತ್ತಕೂಡದು.

ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಕೆಲಸವಿದೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿ ಯಲಹಂಕದ ದೊಡ್ಡಪ್ಪನ ಮನೆಗೋ ಹೆಬ್ಬಾಳದ ಅತ್ತೆಯ ಮನೆಗೋ ಹೋಗುವವರು ಒಂದು ಬರೆಯುವ ಪುಸ್ತಕ ಒಯ್ಯಲಿ. ಬೆಳಿಗ್ಗೆ ತೋಟಕ್ಕೆ ನೀರು ಬಿಡುವ ಮೊದಲು ಮತ್ತು ಬಿಟ್ಟ ನಂತರ ಮನೆಯ ನೀರಿನ ಮೀಟರು ನೋಡಿ ಅಂಕಿ ಬರೆದುಕೊಳ್ಳಲಿ. ಸಂಪಿಗೆ ತುಂಬಿಸಿ ಪಂಪಿನಲ್ಲಿ ಬಿಡುವವರಾದರೆ ಸಂಪಿನೊಳಗೆ ಕೋಲು ಇಳಿಸಿ ಅಳೆಯಲಿ. ತಾರಸಿಯ ಉದ್ದ ಅಗಲ ಅಳೆದು, ಮಳೆನೀರಿನ ಕೊಳವೆ ಸಂಪಿಗೆ ಹೋಗುತ್ತದೋ ಬೀದಿಗೆ ಹೋಗುತ್ತದೋ ಎಂದು ಗುರುತು ಹಾಕಿಕೊಳ್ಳಲಿ. ಮಳೆಗಾಲಕ್ಕೆ ಮೊದಲು ಊರಿಗೆ ಮರಳಿ, ಹತ್ತು ಮನೆಗಳ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ಪಕ್ಕದಲ್ಲಿಯೇ ತಮ್ಮ ಊರಿನ ಕೇರಿಗೆ ಆ ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಕೊಡ ನೀರು ಬಂತೆಂಬುದನ್ನೂ ಬರೆಯಲಿ. ದೊಡ್ಡಪ್ಪನ ಹೆಸರು ಬೇಡ, ಲೀಟರು ಸಾಕು.